ಇಪ್ಪತ್ತು ಮುಖದ ದಾಳ

2016ರ ದೀಪಾವಳಿ ರಜೆಗೆ ಬೆಂಗಳೂರಿನಿಂದ ಬೀದರಿಗೆ ಬಂದಿದ್ದ ಮಗನ ಚೀಲದಿಂದ ಒಗೆಯುವ ಬಟ್ಟೆಗಳನ್ನು ತೆಗೆಯುತ್ತಿದ್ದ ತಾಯಿಯ ಕೈಗೆ ಒಂದು ಪುಟ್ಟ ಗಂಟು ಸಿಕ್ಕಿತು. ಬಿಚ್ಚಿ ನೋಡಿದರೆ ಏಳು ದಾಳಗಳು. ಒಂದಕ್ಕೆ ನಾಲ್ಕು ಮುಖ, ಇನ್ನೊಂದಕ್ಕೆ ಎಂಟು. ಎಲ್ಲಕ್ಕಿಂತ ದೊಡ್ಡದಾದ ನೀಲಿ ದಾಳಕ್ಕೆ ಇಪ್ಪತ್ತು ಮುಖ. ಆಕೆ ಏನೂ ಮಾತಾಡದೆ ಅದನ್ನು ಗಂಡನ ಮುಂದಿಟ್ಟಳು.

ಮೈಲೂರಿನ ಆ ಮನೆಗೆ ಅಲ್ಲಿಯವರೆಗೆ ದಾಳವೆಂಬ ವಸ್ತು ಬಂದಿರಲಿಲ್ಲ. ಇಸ್ಪೀಟಿನ ಎಲೆಯೂ ಇರಲಿಲ್ಲ. ಔರಾದಿನಿಂದ ಆಯಿ ಬಂದಾಗ ಮೊಮ್ಮಕ್ಕಳನ್ನು ಕೂಡಿಸಿಕೊಂಡು ಕವಡಿ ಹಾಕಿ ಪಚೀಸಿ ಆಡಿಸಲು ಹೊರಟರೆ, ಮನೆಯ ಯಜಮಾನರು ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಯಾಕೆಂದು ಯಾರೂ ಕೇಳಿದ್ದಿಲ್ಲ. ಸರಕಾರಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು, ಶಿಸ್ತಿನ ಮನುಷ್ಯ. ಅಷ್ಟೇ ಕಾರಣ ಎಂದು ಮಕ್ಕಳು ತಿಳಿದಿದ್ದರು.

"ಇದೇನಿದು?"

"ಆಟದ್ದಪ್ಪಾ."

"ರೊಕ್ಕ ಹಚ್ಚಿ ಆಡ್ತೀರೇನು?"

"ಇಲ್ಲಪ್ಪಾ. ಕತಿ ಹೇಳ್ತೀವಿ."

"ಕತಿ ಹೇಳ್ಲಾಕ ದಾಳ ಯಾಕ ಬೇಕು?"

ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ಅದೇ ವರ್ಷದ ಎರಡನೇ ಸೆಮಿಸ್ಟರಿನಲ್ಲಿ ಅವನು ಎರಡು ವಿಷಯಗಳಲ್ಲಿ ನಪಾಸಾಗಿದ್ದ. ಅದರಲ್ಲಿ ಒಂದು ಗಣಿತ. ಅಪ್ಪ ಗಂಟನ್ನು ಹಾಗೆಯೇ ಕಟ್ಟಿ ಕಪಾಟಿನೊಳಗಿಟ್ಟು ಕೀಲಿ ಹಾಕಿದರು. ರಜೆ ಮುಗಿಯುವ ತನಕ ಮನೆಯಲ್ಲಿ ಆ ಮಾತು ಮತ್ತೆ ಬರಲಿಲ್ಲ.

ಮೇಷ್ಟ್ರ ಪ್ರಶ್ನೆ ಮಾತ್ರ ಸರಿಯಾದದ್ದೇ ಆಗಿತ್ತು. ಕತೆ ಹೇಳುವುದಕ್ಕೆ ದಾಳ ಯಾಕೆ ಬೇಕು?

ಈ ಆಟಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಕನ್ನಡದಲ್ಲಿ ಪಾತ್ರದಾಟ ಎನ್ನಬಹುದು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಅವರಲ್ಲಿ ಒಬ್ಬ ಕತೆ ನಡೆಸುವವ. ಉಳಿದವರು ತಲಾ ಒಂದು ಪಾತ್ರ. ಪ್ರತಿ ಪಾತ್ರಕ್ಕೂ ಒಂದು ಹಾಳೆ ಇರುತ್ತದೆ. ಅದರಲ್ಲಿ ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳಿಗೆ ಅಂಕಗಳು. "ನಿಮ್ಮ ಎದುರಿಗೆ ಇಪ್ಪತ್ತು ಅಡಿ ಎತ್ತರದ ಗೋಡೆ. ಆಚೆಗೆ ನಾಯಿ ಬೊಗಳುತ್ತಿದೆ. ಏನು ಮಾಡುತ್ತೀರಿ?" ಎಂದು ಕತೆ ನಡೆಸುವವ ಕೇಳುತ್ತಾನೆ. ಒಬ್ಬ ಗೋಡೆ ಹತ್ತುತ್ತೇನೆ ಎನ್ನುತ್ತಾನೆ. ಹತ್ತುವುದಕ್ಕೆ 15 ಬೇಕೆಂದು ತೀರ್ಮಾನವಾಗುತ್ತದೆ. ಇಪ್ಪತ್ತು ಮುಖದ ದಾಳ ಉರುಳುತ್ತದೆ. ಬಿದ್ದ ಅಂಕಕ್ಕೆ ಅವನ ಬಲದ 3 ಸೇರಿಸಬಹುದು. ಅಂದರೆ 12 ಬಿದ್ದರೂ ಹತ್ತಿದಂತೆ. 11 ಬಿದ್ದರೆ ಕೆಳಗೆ ಬಿದ್ದ, ನಾಯಿ ಎಚ್ಚರವಾಯಿತು, ಕತೆ ಬೇರೆ ದಾರಿ ಹಿಡಿಯಿತು. ಪಣವಿಲ್ಲ, ಗೆದ್ದವನಿಲ್ಲ, ಸೋತವನಿಲ್ಲ. ಒಂದೇ ಕತೆ ಭಾನುವಾರದಿಂದ ಭಾನುವಾರಕ್ಕೆ ತಿಂಗಳುಗಟ್ಟಲೆ ನಡೆಯುತ್ತದೆ. ವೇಷವಿಲ್ಲದ, ಕುಳಿತಲ್ಲೇ ಆಡುವ ಬಯಲಾಟ ಎಂದುಕೊಂಡರೂ ತಪ್ಪಿಲ್ಲ. ಆದರೆ ಬಯಲಾಟದಲ್ಲಿ ದುಶ್ಶಾಸನ ಸಾಯುತ್ತಾನೆಂಬುದು ಎಲ್ಲರಿಗೂ ಗೊತ್ತು. ಇಲ್ಲಿ ಮುಂದೇನೆಂಬುದು ಕತೆ ನಡೆಸುವವನಿಗೂ ಗೊತ್ತಿರುವುದಿಲ್ಲ. ಅದಕ್ಕೇ ದಾಳ.

ಇಂಥ ಆಟಗಳಲ್ಲಿ ಮೊದಲು ಅಚ್ಚಾಗಿ ಮಾರಾಟಕ್ಕೆ ಬಂದದ್ದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ಎಂಬ ಇಬ್ಬರು 1974ರಲ್ಲಿ ಅದನ್ನು ಹೊರತಂದರು. ಮೊದಲ ಮುದ್ರಣ 1000 ಪ್ರತಿ. ಪುಟ್ಟ ಸೈನಿಕರ ಗೊಂಬೆಗಳನ್ನಿಟ್ಟು ಯುದ್ಧದಾಟ ಆಡುತ್ತಿದ್ದವರು ಇವರು. ಇಡೀ ಪಡೆಯ ಬದಲು ಒಬ್ಬೊಬ್ಬ ಒಂದೊಂದು ಪಾತ್ರವಾದರೆ ಹೇಗೆ ಎಂಬ ಯೋಚನೆಯಿಂದ ಈ ಆಟ ಹುಟ್ಟಿತು. ಇಪ್ಪತ್ತು ಮುಖದ ದಾಳವಾದರೋ ಅಮೆರಿಕದ ಸೃಷ್ಟಿಯಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಗ್ರೀಕ್ ಅಕ್ಷರಗಳನ್ನು ಕೆತ್ತಿದ, ಇಪ್ಪತ್ತು ಮುಖದ, ಪ್ರಾಚೀನ ಈಜಿಪ್ಟಿನ ದಾಳ ಇದೆ.

ಅಮೆರಿಕದ ತಂದೆತಾಯಿಗಳೂ ಈ ಆಟಕ್ಕೆ ಹೆದರಿದ್ದುಂಟು. 1979ರಲ್ಲಿ ಮಿಶಿಗನ್ನಿನ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿ ಕಾಣೆಯಾದಾಗ, ಅವನು ಈ ಆಟವಾಡುತ್ತಾ ಭ್ರಮೆ ಹಿಡಿದು ನೆಲದಡಿಯ ಸುರಂಗ ಸೇರಿದ್ದಾನೆಂದು ಪತ್ರಿಕೆಗಳು ಬರೆದವು. ಹುಡುಗ ಬೇರೆ ಊರಿನಲ್ಲಿ ಸಿಕ್ಕಿದ. ಅವನ ಸಂಕಟಕ್ಕೆ ಆಟ ಕಾರಣವಲ್ಲವೆಂದು, ಹುಡುಕಿದ ಪತ್ತೇದಾರನೇ 1984ರ ತನ್ನ ಪುಸ್ತಕದಲ್ಲಿ ಬರೆದ. ಅಷ್ಟರಲ್ಲಿ ಭಯ ಮನೆಮನೆ ಮುಟ್ಟಿಯಾಗಿತ್ತು. ಮಕ್ಕಳು ಕೋಣೆಯ ಬಾಗಿಲು ಹಾಕಿಕೊಂಡು ಏನೋ ಮಾಡುತ್ತಿದ್ದರೆ ಹೊರಗಿರುವವರಿಗೆ ದಿಗಿಲಾಗುವುದು ಯಾವ ದೇಶದಲ್ಲಾದರೂ ಒಂದೇ.

ಮೈಲೂರಿನ ಹುಡುಗ ಈ ಮೇಜಿಗೆ ಬಂದ ದಾರಿ ಬೇರೆ. 2015ರಲ್ಲಿ ಅವನಿಗೆ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದ 371ಜೆ ವಿಧಿ ಕೊಟ್ಟ ಮೀಸಲಾತಿಯಲ್ಲಿ ಸಿಕ್ಕ ಸೀಟು. ಮನೆಯಿಂದ ಕೂಗಳತೆಯಲ್ಲಿ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲೇ ಓದಲಿ ಎಂದು ತಾಯಿ; ಹೊರಗೆ ಹೋಗಿ ಜಗತ್ತು ನೋಡಲಿ ಎಂದು ತಂದೆ. ತಂದೆಯ ಮಾತು ನಡೆಯಿತು. ಸುಮಾರು 700 ಕಿಲೋಮೀಟರು, ಒಂದು ರಾತ್ರಿಯ ಬಸ್ಸು.

ಹಾಸ್ಟೆಲಿನ ಮೊದಲ ವಾರದಲ್ಲೇ ಅವನು "ಏನ್ ಮಾಡ್ಲಾಕತ್ತೀರಿ?" ಎಂದದ್ದು ನಗೆಯ ವಸ್ತುವಾಯಿತು. ಕನ್ನಡದಲ್ಲಿ ಉರ್ದು, ಮರಾಠಿ ಬೆರೆತ ಮಾತು. ಖರೆ, ಜರಾ, ಹೌದಲ್ಲೋ ಎಂಬುದನ್ನೆಲ್ಲ ಅಣಕಿಸುವವರು ಹುಟ್ಟಿಕೊಂಡರು. ಕೆಟ್ಟವರೇನಲ್ಲ, ಹದಿನೆಂಟರ ವಯಸ್ಸಿನ ಹುಡುಗರು. "ಇದು ಯಾವ ಕನ್ನಡ?" ಎಂದು ಒಬ್ಬ ಕೇಳಿದ. ಸೀಟಿನ ಬಗ್ಗೆಯೂ ಒಂದು ಚುಚ್ಚುಮಾತು ಸೇರಿಕೊಂಡಿತು. ಹುಡುಗ ಮಾತು ಕಡಿಮೆ ಮಾಡಿದ. ಆಮೇಲೆ ಬಿಟ್ಟೇಬಿಟ್ಟ. ಮೊದಲ ಸೆಮಿಸ್ಟರಿನ ಪ್ರಯೋಗ ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಬಾಯಿ ತೆರೆಯಲಿಲ್ಲ. ಮನೆಗೆ ಫೋನ್ ಮಾಡಿದಾಗ, ಎಲ್ಲಾ ಚಲೋ ಅದ ಎನ್ನುತ್ತಿದ್ದ.

ಅವನ ಊರಿನ ಚರಿತ್ರೆ ಗೊತ್ತಿದ್ದವರಿಗೆ ಆ ಪ್ರಶ್ನೆ ಒಂದಿಷ್ಟು ಕಹಿಯಾಗಿಯೇ ಕೇಳಿಸೀತು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸುವುದು ಕಷ್ಟವಾಗಿದ್ದಾಗ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಪಾಠ ನಡೆಸಿದರೆಂಬುದು ಆ ಭಾಗದ ಮಕ್ಕಳೆಲ್ಲ ಕೇಳಿ ಬೆಳೆದ ಸಂಗತಿ. ಭಾಲ್ಕಿ ಕಡೆಯವರಾದ ಮೇಷ್ಟ್ರು ಪ್ರತಿ ವರ್ಷ ತರಗತಿಯಲ್ಲಿ ಅದನ್ನು ಹೇಳುತ್ತಿದ್ದರು. ಹಾಗೆ ಉಳಿದ ಕನ್ನಡವನ್ನು ನಾಲಗೆಯ ಮೇಲಿಟ್ಟುಕೊಂಡು ಹೋದ ಹುಡುಗ, ರಾಜಧಾನಿಯಲ್ಲಿ ಮೂಕನಾಗಿದ್ದ.

ಪಕ್ಕದ ಕೋಣೆಯವರು ಒಂದು ಭಾನುವಾರ ಅವನನ್ನು ಕರೆದರು. ಸ್ನೇಹದಿಂದಲ್ಲ, ಐದನೆಯವನೊಬ್ಬ ಬೇಕಾಗಿದ್ದ. ಆಟದ ಮೂಲ ನಿಯಮಗಳನ್ನು ಕಂಪನಿ 2014ರಲ್ಲಿ ಪುಕ್ಕಟೆಯಾಗಿ ಬಿಟ್ಟಿತ್ತು. ಅದರ ಜೆರಾಕ್ಸ್ ಪ್ರತಿ ಮೇಜಿನ ಮೇಲಿತ್ತು. ಕತ್ತಿ ಹಿಡಿಯುವವ, ಕಳ್ಳ, ಮಂತ್ರವಾದಿ, ವೈದ್ಯ ಎಲ್ಲ ಪಾತ್ರಗಳನ್ನೂ ಉಳಿದವರು ತೆಗೆದುಕೊಂಡಿದ್ದರು. ಮಿಕ್ಕದ್ದು ಊರೂರು ಅಲೆಯುವ ಹಾಡುಗಾರ. ಹಾಡುಗಾರನ ಆಯುಧ ಮಾತು! ಹುಡುಗ ಮೊದಲ ದಿನ ನಾಲ್ಕು ತಾಸಿನಲ್ಲಿ ಆಡಿದ್ದು ಒಂದೇ ವಾಕ್ಯ.

ಮೂರನೇ ವಾರ ಒಂದು ಕೋಟೆಬಾಗಿಲು ಎದುರಾಯಿತು. ಕಾವಲುಗಾರ ಬಿಡಲೊಲ್ಲ. ನಾನು ಅವನನ್ನು ಒಪ್ಪಿಸುತ್ತೇನೆ ಎಂದ ಹುಡುಗ. ಹಾಗಂದರೆ ಸಾಲದು, ಏನೆಂದು ಒಪ್ಪಿಸುತ್ತೀ, ಹೇಳು ಎಂದ ಕತೆ ನಡೆಸುವವ. ಮೇಜು ಕಾಯಿತು. ಹುಡುಗನಿಗೆ ಔರಾದಿನ ಅಮರೇಶ್ವರ ಜಾತ್ರೆಯ ದನದ ವ್ಯಾಪಾರಿಗಳು ನೆನಪಾದರು. ತಾಯಿಯ ತವರಿಗೆ ಹೋದಾಗ ಆ ವ್ಯಾಪಾರ ನೋಡುತ್ತಾ ನಿಂತುಬಿಡುತ್ತಿದ್ದ. ಮರಾಠಿಯಲ್ಲಿ ಆರಂಭಿಸಿ, ಕನ್ನಡದಲ್ಲಿ ಆಣೆ ಹಾಕಿ, ಉರ್ದುವಿನಲ್ಲಿ ಬೆಲೆ ಮುಗಿಸುವ ಜನ. ಅವರ ಧಾಟಿಯಲ್ಲಿ ಅವನು ಶುರುಮಾಡಿದ. "ನೋಡಪಾ, ನಿನ್ ಕುದರಿಗಿ ಹುಷಾರಿಲ್ಲಂತ ನನಗ ಅದರ ಮಾರಿ ನೋಡೇ ತಿಳದದ, ಜರಾ ಕೇಳಿಲ್ಲಿ..." ಎಂದು ಐದು ನಿಮಿಷ. ಎಲ್ಲರೂ ನಕ್ಕರು. ಆದರೆ ಈ ಸಲ ಅವರು ನಕ್ಕದ್ದು ಕಾವಲುಗಾರ ಮೋಸಹೋಗುತ್ತಿದ್ದುದಕ್ಕೆ. ದಾಳ ಹಾಕಿದರೆ ಬಿದ್ದದ್ದು 6. ನಿಯಮದಂತೆ ಅದು ಸೋಲು. ಇಷ್ಟು ಹೇಳಿದ ಮೇಲೂ ಬಿಡದಿದ್ದರೆ ಅವನು ಕಾವಲುಗಾರನೇ ಅಲ್ಲ ಎಂದು ಕತೆ ನಡೆಸುವವ ಬಾಗಿಲು ತೆರೆದ.

ಆ ಸೆಮಿಸ್ಟರ್ ಪೂರ್ತಿ ಹುಡುಗ ಭಾನುವಾರಕ್ಕಾಗಿ ಬದುಕಿದ. ಬೆಳಿಗ್ಗೆ ಹತ್ತಕ್ಕೆ ಕೂತರೆ ಸಂಜೆ ಆರಕ್ಕೆ ಏಳುವುದು. ವಾರದ ನಡುವೆಯೂ ತಲೆಯೊಳಗೆ ಅದೇ. ಎರಡು ವಿಷಯ ಹೋದದ್ದು ಹೀಗೆ. ಆಟದಿಂದ ಓದು ಕೆಡುವುದಿಲ್ಲ ಎಂದು ವಾದಿಸುವ ಉತ್ಸಾಹಿಗಳುಂಟು. ಅವನ ಅಂಕಪಟ್ಟಿ ಅದನ್ನು ಒಪ್ಪುವುದಿಲ್ಲ. ಆದರೆ ಮೊದಲ ಸೆಮಿಸ್ಟರಿನಲ್ಲಿ, ಆಟವೇ ಇಲ್ಲದಿದ್ದಾಗಲೂ, ಅವನು ಒಂದು ಪ್ರಶ್ನೆ ಕೇಳಲಾರದೆ ತರಗತಿಯಲ್ಲಿ ಕೂತಿದ್ದ ಎಂಬುದು ಅಂಕಪಟ್ಟಿಯಲ್ಲಿ ಇರುವುದಿಲ್ಲ.

ಗಣಿತವನ್ನು ಅವನು ಮರುಪರೀಕ್ಷೆಯಲ್ಲಿ ಪಾಸುಮಾಡಿದ. ಮುಂದೆ ಸಂಭವನೀಯತೆಯ ಪಾಠ ಬಂದಾಗ ಅವನಿಗೆ ಅದು ಮೊದಲೇ ಅರ್ಥವಾಗಿತ್ತು. ಅನುಕೂಲದ ಸ್ಥಿತಿಯಲ್ಲಿರುವ ಆಟಗಾರ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದೆಂಬ ನಿಯಮವಿದೆ. ಒಂದೇ ದಾಳ ಹಾಕಿದರೆ 15 ಅಥವಾ ಹೆಚ್ಚು ಬೀಳುವುದು ನೂರಕ್ಕೆ 30 ಸಲ. ಎರಡು ಹಾಕಿದರೆ 60 ಎಂದು ಎಲ್ಲರ ಎಣಿಕೆ. ನಿಜಕ್ಕೂ ಅದು 51. ಎರಡೂ ತಪ್ಪುವ ಸಾಧ್ಯತೆ 0.7ನ್ನು 0.7ರಿಂದ ಗುಣಿಸಿದಷ್ಟು, ಅಂದರೆ 0.49, ಉಳಿದದ್ದು ದಕ್ಕುವುದು. ಪುಸ್ತಕದಲ್ಲಿ ಒಣಗಿ ನಿಂತಿದ್ದ ಸೂತ್ರ, ಮೇಜಿನ ಮೇಲೆ ಪಾತ್ರದ ಜೀವ ಹೋಗುವಾಗ ತಾನಾಗಿ ತಲೆಗೆ ಹತ್ತಿತು.

2017ರಲ್ಲಿ ಕತೆ ನಡೆಸುವ ಸರದಿ ಅವನದಾಯಿತು. ಮೊದಲು ಪುಸ್ತಕ ನೋಡಿ ನಡೆಸಿದ. ಹಿಮದ ಬೆಟ್ಟ, ಪೈನ್ ಮರದ ಕಾಡು, ಹೆಂಡದಂಗಡಿಯ ಬೆಂಕಿಗೂಡು. ಇವಾವುದನ್ನೂ ಅವನು ಕಂಡಿರಲಿಲ್ಲ. ಕೇಳುವವರು ಆಕಳಿಸಿದರು. ಮೂರನೇ ವಾರ ಪುಸ್ತಕ ಮುಚ್ಚಿ, ತಾನು ನೋಡಿದ್ದನ್ನೇ ಹೇಳತೊಡಗಿದ. ಚಿಕ್ಕಂದಿನಲ್ಲಿ ಅಪ್ಪನ ಹೆಗಲೇರಿ ಹೋಗಿದ್ದ ನರಸಿಂಹ ಝರಣಿ: ಕತ್ತಲ ಸುರಂಗ, ದೊಡ್ಡವರಿಗೆ ಎದೆಮಟ್ಟದ ನೀರು, ತಲೆಯ ಮೇಲೆ ಬಾವಲಿಗಳು, ಕೊನೆಯಲ್ಲಿ ದೀಪದ ಬೆಳಕಿನಲ್ಲಿ ದೇವರು. ಕೆಂಪು ಮುರಕಲ್ಲನ್ನೇ ಕಡಿದು ಮಾಡಿದ ಬೀದರ ಕೋಟೆಯ ಮೂರು ಸಾಲಿನ ಕಂದಕ. ನೌಬಾದಿನ ಸುರಂಗ ಬಾವಿ; ಬಹಮನಿ ಅರಸರ ಕಾಲದಲ್ಲಿ ನೆಲದಡಿಯ ನೀರನ್ನು ಊರಿಗೆ ಹರಿಸಲು ಕೊರೆದ ಕಾಲುವೆ, ಅದರ ಉದ್ದಕ್ಕೂ ಗಾಳಿಬೆಳಕಿಗೆಂದು ತೋಡಿದ ಇಪ್ಪತ್ತಕ್ಕೂ ಹೆಚ್ಚು ಬಾವಿಗಳು. ಅವನು ಹೈಸ್ಕೂಲಿನಲ್ಲಿದ್ದಾಗ ಅದರ ಬಾಯಲ್ಲಿ ಬರೀ ಮುಳ್ಳುಕಂಟಿ, ಕಸ. ಆಮೇಲೆ ಹೂಳು ತೆಗೆದು ಸ್ವಚ್ಛಮಾಡಿದಾಗ ಒಳಗೆ ನೀರಿನ್ನೂ ಹರಿಯುತ್ತಿತ್ತು. ಮಂತ್ರವಾದಿಗೆ ಬೇಕಾದ ಔಷಧಿಯಾಗಿ ಕೋಟೆಯ ಹಳೇ ಮಣ್ಣನ್ನು ಇಟ್ಟ. ಬಿದರಿ ಕುಶಲಕರ್ಮಿಗಳು ಲೋಹವನ್ನು ಕಪ್ಪಾಗಿಸಲು ಬಳಸುವುದು ಅದೇ ಮಣ್ಣು ಎಂದು ಗೆಳೆಯರು ನಂಬಲಿಲ್ಲ. ಇದನ್ನೆಲ್ಲ ಯಾವ ಪುಸ್ತಕದಿಂದ ತೆಗೆದೆ ಎಂದು ಕೇಳಿದವನು, ಹಿಂದೆ ಇದು ಯಾವ ಕನ್ನಡ ಎಂದು ಕೇಳಿದ್ದವನೇ. 2018ರಲ್ಲಿ ನಾಲ್ವರು ರಾತ್ರಿ ಬಸ್ಸು ಹತ್ತಿ ಬಂದು ಎಲ್ಲವನ್ನೂ ನೋಡಿ, ಅವ್ವನ ಕೈಯ ಜೋಳದ ರೊಟ್ಟಿ ತಿಂದು ಹೋದರು. ಮೇಷ್ಟ್ರು ತಾವೇ ಕೋಟೆ ತೋರಿಸಿದರು. ಹುಡುಗರು ಊರಿಗೆ ಬಂದದ್ದರ ಹಿಂದೆ ಆ ದಾಳಗಳಿವೆಯೆಂದು ಅವರಿಗೆ ಯಾರೂ ಹೇಳಲಿಲ್ಲ.

ಓದು 2019ರಲ್ಲಿ ಮುಗಿದು ಕೆಲಸ ಸಿಕ್ಕಿತು. 2020ರ ಯುಗಾದಿಗೆ ಮನೆಗೆ ಬಂದವನು ಅಲ್ಲೇ ಉಳಿದ. ಹಬ್ಬದ ದಿನವೇ, ಮಾರ್ಚ್ 25ಕ್ಕೆ, ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಹಬ್ಬಕ್ಕೆಂದು ಬಂದಿದ್ದ ಸೋದರಮಾವನ ಇಬ್ಬರು ಮಕ್ಕಳು ಔರಾದಿಗೆ ಮರಳಲಾಗದೆ ಅಲ್ಲೇ ಸಿಕ್ಕಿಕೊಂಡರು. ಅವರಿಬ್ಬರು, ತಂಗಿ, ಇವನು. ಸಂಜೆಯ ಹೊತ್ತು ಮಾಳಿಗೆಯ ಮೇಲೆ ಆಟ ಶುರುವಾಯಿತು. ದಾಳವಿರಲಿಲ್ಲ, ಫೋನಿನಲ್ಲೇ ಅಂಕ ಬೀಳಿಸುತ್ತಿದ್ದರು.

ಅವನು ಆರಿಸಿಕೊಂಡ ಕತೆ ಮಹಮೂದ್ ಗವಾನನದು. ಪರ್ಷಿಯಾದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ, ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮನುಷ್ಯ. ಆಸ್ಥಾನದ ವೈರಿಗಳು ಅವನ ಮೊಹರು ಕಾಯುವ ಗುಲಾಮನಿಗೆ ಹೆಂಡ ಕುಡಿಸಿ, ಬರಿ ಹಾಳೆಯ ಮೇಲೆ ಮೊಹರು ಒತ್ತಿಸಿಕೊಂಡರು. ಅದರ ಮೇಲೆ ಒಡಿಶಾದ ಅರಸನಿಗೆ ಬರೆದಂತೆ ರಾಜದ್ರೋಹದ ಪತ್ರ ಸೃಷ್ಟಿಸಿ ಸುಲ್ತಾನನಿಗೆ ತೋರಿಸಿದರು. 1481ರ ಏಪ್ರಿಲಿನಲ್ಲಿ ಗವಾನನ ತಲೆ ಹೋಯಿತು. ಆಮೇಲೆ ಬಹಮನಿ ರಾಜ್ಯವೂ ಬಹುಕಾಲ ಒಟ್ಟಾಗಿ ನಿಲ್ಲಲಿಲ್ಲ, ಐದು ಹೋಳಾಯಿತು. ಮಕ್ಕಳ ಪಾತ್ರಗಳು ಒಬ್ಬ ಲಿಪಿಕಾರ, ಒಬ್ಬ ಅಡುಗೆಯವ, ಮದರಸಾದ ಒಬ್ಬ ವಿದ್ಯಾರ್ಥಿ. ಪತ್ರ ಸುಲ್ತಾನನ ಕೈ ಸೇರುವ ಮೊದಲು ಅದನ್ನು ಹಿಡಿಯಬೇಕು.

"ಸುಲ್ತಾನ ರಂಗೀನ್ ಮಹಲಿನ್ಯಾಗ ಕುಂತಾನ..." ಎಂದು ಇವನು ಹೇಳುತ್ತಿದ್ದಾಗ ಮೆಟ್ಟಿಲ ಕಡೆಯಿಂದ ದನಿ ಬಂತು.

"ಆಗ ಸುಲ್ತಾನ ಬೀದರಿನ್ಯಾಗ ಇದ್ದಿಲ್ಲ. ದಂಡು ತಗೊಂಡು ಕೊಂಡಪಲ್ಲಿ ಕಡಿ ಹೋಗಿದ್ದ. ಗವಾನಗ ಕೊಂದದ್ದೂ ಅಲ್ಲೇ."

ಮೂವತ್ತು ವರ್ಷ ಪಾಠ ಹೇಳಿದವರು ತಪ್ಪನ್ನು ಕೇಳಿಕೊಂಡು ಸುಮ್ಮನೆ ಇಳಿದುಹೋಗಲು ಆಗಿರಲಿಲ್ಲ. ಎರಡು ದಿನ ಮೆಟ್ಟಿಲ ಮೇಲೆ ಕೂತೇ ತಿದ್ದಿದರು. ಮೂರನೇ ದಿನ ಕೆಳಗೆ ಹೋಗಿ, ಕಪಾಟಿನ ಕೀಲಿ ತೆಗೆದು, ನಾಲ್ಕು ವರ್ಷದ ಹಿಂದಿನ ಗಂಟು ತಂದು ಚಾಪೆಯ ಮೇಲಿಟ್ಟರು. "ಫೋನಿನ್ಯಾಗಿಂದು ಏನ್ ನಂಬಿಕಿ? ಇವು ತಗೋರಿ."

"ಅಪ್ಪಾ, ನೀವೂ ಬರ್ರಿ. ಮೊಹರು ಕಾಯಾವ ನೀವ ಆಗ್ರಿ" ಎಂದಳು ತಂಗಿ.

ಅವರು ಬೇಡವೆಂದರು, ಆಮೇಲೆ ಕೂತರು. ಕತೆ ಆ ರಾತ್ರಿಗೆ ಬಂತು. ವೈರಿಗಳ ಕಡೆಯವನು ಹೂಜಿ ಹಿಡಿದು ಬಂದಿದ್ದಾನೆ. ಇನಾಮು ಕೊಟ್ಟಿದ್ದಾನೆ, ಗೆಳೆಯನಂತೆ ನಗುತ್ತಾನೆ. ಏನು ಮಾಡುತ್ತೀರಿ?

"ನಾ ಕುಡಿಯಂಗಿಲ್ಲ."

ಅವನು ಬಿಡೋದಿಲ್ಲ, ವಿವೇಕಕ್ಕೆ ದಾಳ ಹಾಕಬೇಕು, 12 ಬೇಕು ಎಂದ ಮಗ. ಮೇಷ್ಟ್ರು ನೀಲಿ ದಾಳವನ್ನು ತುಸು ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಆಮೇಲೆ ಬಿಟ್ಟರು. ನಾಲ್ಕು.

"ಖರೆ ಹೇಳ್ತೀನಿ, ನಾ ಕುಡಿಯಂಗಿಲ್ಲ" ಎಂದರು ಮತ್ತೆ. ಯಾರೂ ನಗಲಿಲ್ಲ. ಅವರು ಆಟದೊಳಗೆ ಮಾತಾಡುತ್ತಿಲ್ಲವೆಂದು ಚಿಕ್ಕವನಿಗೂ ತಿಳಿಯಿತು.

1968ರ ದೀಪಾವಳಿ. ಭಾಲ್ಕಿ ತಾಲೂಕಿನ ಹಳ್ಳಿ. ಮುತ್ಯಾ ರಾತ್ರಿಯಿಡೀ ಇಸ್ಪೀಟಿಗೆ ಕೂತಿದ್ದ. ಕುಡಿದಿದ್ದ. ಕೈಯಲ್ಲಿನ ರೊಕ್ಕ ಮುಗಿದಾಗ ಯಾರೋ ಒಂದು ಬರಿ ಛಾಪಾ ಕಾಗದ ಮುಂದಿಟ್ಟರು, ಹೆಬ್ಬೆಟ್ಟು ಒತ್ತಿದ. ಮೇಲೆ ಏನು ಬರೆದರೆಂಬುದು ನಾಲ್ಕೆಕರೆ ಹೊಲ ಬಿಡಿಸಲು ಜನ ಬಂದ ದಿನ ತಿಳಿಯಿತು. ಆಗ ಮೇಷ್ಟ್ರಿಗೆ ಆರು ವರ್ಷ. ಆಮೇಲೆ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ್ದು, ನೌಕರಿ ಹಿಡಿದು ಮೈಲೂರಿಗೆ ಬಂದದ್ದು. ಮಕ್ಕಳಿಗಷ್ಟೇ ಅಲ್ಲ, ಹೆಂಡತಿಗೂ ಅವರು ಈ ಮಾತು ಹೇಳಿರಲಿಲ್ಲ. ಬೀದರಿನ ಹೈಸ್ಕೂಲಿನಲ್ಲಿ ಗವಾನನ ಪಾಠವನ್ನು ವರ್ಷವರ್ಷವೂ ಹೇಳುತ್ತಾ ಮೊಹರಿನ ಭಾಗ ಬಂದಾಗ ಬೇಗ ಮುಗಿಸುತ್ತಿದ್ದೆ ಎಂದರು.

ಕೆಳಗಿನಿಂದ ಅವ್ವ ಊಟಕ್ಕೆ ಕರೆದಳು. ಮೇಷ್ಟ್ರು ಎದ್ದು ಹೋದರು. ದಾಳ ನಾಲ್ಕರ ಮುಖ ಮೇಲೆ ಮಾಡಿಕೊಂಡು ಚಾಪೆಯ ಮೇಲೇ ಉಳಿಯಿತು. ಅದನ್ನು ಮುಟ್ಟುವುದೋ ಬಿಡುವುದೋ ಮಗನಿಗೆ ತಿಳಿಯಲಿಲ್ಲ. ಆ ಅಂಕವನ್ನು ಅಳಿಸಿ ಮತ್ತೊಮ್ಮೆ ಹಾಕಿಸುವುದು ಅವನ ಕೈಯಲ್ಲಿತ್ತು. ಕತೆ ನಡೆಸುವವನಿಗೆ ಅಷ್ಟು ಅಧಿಕಾರವಿದೆ. ಮೂರು ದಿನ ಆಟ ನಡೆಯಲಿಲ್ಲ. ಮಾವನ ಮಕ್ಕಳು ಕೇಳಿದರೆ ನಾಳೆ ನೋಡೋಣ ಎನ್ನುತ್ತಿದ್ದ.

ನಾಲ್ಕನೇ ದಿನ ಸಂಜೆ ಮೇಷ್ಟ್ರು ತಾವೇ ಚಾಪೆ ಹಿಡಿದು ಮಾಳಿಗೆ ಹತ್ತಿದರು. ಹಾಸಿ, ಗೋಡೆಗೆ ಒರಗಿ ಕೂತು, ಮಗ ಬಂದ ಮೇಲೆ ಕೇಳಿದರು.

"ಆ ಕಾಗದ ಈಗ ಯಾರ ಕೈಯಾಗ ಅದ?"